ಬಿಟ್ಟುಕೊಟ್ಟ ಸೆಟ್

ಹೊಸಗುಡ್ಡ ಕ್ಲಬ್ಬಿನ ಮಹಿಳಾ ಟೆನಿಸ್ ಟೂರ್ನಿಗೆ ಮಂಜುಶ್ರೀ ಹೆಸರು ಕೊಟ್ಟಾಗ ಅವಳ ಕೋಚ್ ಯೋಗೇಶನಿಗೆ ತಲೆಬುಡ ಅರ್ಥವಾಗಲಿಲ್ಲ. ಅದೇ ವಾರ ಥಾಯ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಟೂರ್ನಿ ಇತ್ತು. ಅಲ್ಲಿ ಎರಡು ಸುತ್ತು ಗೆದ್ದರೂ ಸಾಕು, ರ‍್ಯಾಂಕಿಂಗ್‌ನಲ್ಲಿ ನಲವತ್ತು ಮೆಟ್ಟಿಲು ಮೇಲೆ ಏರುತ್ತಿದ್ದಳು.

"ಸಕಲೇಶಪುರದ ಹತ್ರ ಕಾಫಿ ತೋಟದ ಮಧ್ಯೆ ಒಂದು ಕ್ಲಬ್. ನೂರು ವರ್ಷ ತುಂಬ್ತು ಅಂತ ಟೂರ್ನಿ ಮಾಡ್ತಿದ್ದಾರೆ. ಅಲ್ಲಿಗೆ ಹೋದ್ರೆ ನಿನಗೇನು ಸಿಗುತ್ತೆ?" ಎಂದು ಕೇಳಿದ.

"ಶೀಲಾ ಸಿಗ್ತಾಳೆ," ಎಂದಳು ಮಂಜುಶ್ರೀ.

ಹೊಸಗುಡ್ಡ ಕ್ಲಬ್ ಹೆತ್ತೂರಿನ ದಾರಿಯಲ್ಲಿ, ಕಾಫಿ ಸಾಹುಕಾರ ಸುರೇಂದ್ರನ ಎಸ್ಟೇಟಿನ ಬೇಲಿಗೆ ಅಂಟಿಕೊಂಡೇ ಇದೆ. ಮಂಜುಶ್ರೀಯ ಅಪ್ಪ ಲಕ್ಕಯ್ಯ ಇಪ್ಪತ್ತೆರಡು ವರ್ಷ ಅಲ್ಲಿ ಮಾರ್ಕರ್ ಆಗಿದ್ದ. ಬೆಳಿಗ್ಗೆ ಎದ್ದು ಕೆಂಪು ಮಣ್ಣಿನ ಕೋರ್ಟಿಗೆ ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಬಳಿಯಬೇಕು. ಸಂಜೆ ಜೊತೆಗಾರರಿಲ್ಲದೆ ಬಂದ ಸದಸ್ಯರ ಎದುರು ನಿಂತು ಆಡಬೇಕು. ಆಡಿ ಸೋಲಬೇಕು. ಅದೂ ಸುಮ್ಮನೆ ಸೋತರಾಗದು. ಸಾಹುಕಾರರಿಗೆ ಬೆವರು ಇಳಿಯಬೇಕು, ಕಷ್ಟಪಟ್ಟು ಗೆದ್ದೆ ಎನಿಸಬೇಕು, ನಾಳೆ ಮತ್ತೆ ಬರಬೇಕು ಅನ್ನಿಸಬೇಕು. "ಬಾಲ್‌ನ ಗೆರೆ ಮ್ಯಾಲೆ ಬೀಳ್ಸೋದು ಸುಲ್ಬ ಕಣವ್ವ. ಗೆರೆಯಿಂದ ನಾಕ್ ಬೆಟ್ಟು ಆಚೆ ಬೀಳ್ಸೋದು ಕಷ್ಟ," ಎಂದು ಅವನು ಮಗಳಿಗೆ ಹೇಳುತ್ತಿದ್ದ.

ಮಗಳಿಗೆ ಮಾತ್ರ ಅವನು ಗೆಲ್ಲುವುದನ್ನು ಕಲಿಸಿದ. ಸದಸ್ಯರು ಬರುವ ಮುಂಚೆ, ಇಬ್ಬನಿ ಇನ್ನೂ ಕಾಫಿ ಗಿಡದ ಮೇಲಿರುವಾಗಲೇ, ಯಾರೋ ಬಿಟ್ಟುಹೋದ ಹಳೆಯ ರ‍್ಯಾಕೆಟ್ಟಿನಲ್ಲಿ ಆಡಿಸುತ್ತಿದ್ದ. ಹತ್ತು ವರ್ಷಕ್ಕೆ ಅವಳು ಸುರೇಂದ್ರನ ಮಗಳು ಶೀಲಾಳ ಜೊತೆಗಾತಿಯಾದಳು. ಇಬ್ಬರೂ ಒಂದೇ ವಾರಿಗೆಯವರು. ಶೀಲಾಳಿಗೆ ಹಾಸನದಿಂದ ಕೋಚ್ ಬರುತ್ತಿದ್ದ. ಅವಳ ಎದುರು ಚೆಂಡು ಹೊಡೆಯಲು ಇನ್ನೊಂದು ಹುಡುಗಿ ಬೇಕಿತ್ತು. ಅಷ್ಟಕ್ಕೆ ಸುರೇಂದ್ರ ಒಪ್ಪಿದ್ದ.

ಹದಿನೈದನೇ ವಯಸ್ಸಿಗೆ ಅದು ಕೆಟ್ಟಿತು. ಹೊರದೇಶದ ತರಬೇತಿ ಶಿಬಿರಕ್ಕೆ ರಾಜ್ಯದಿಂದ ಒಬ್ಬಳೇ ಹುಡುಗಿಯನ್ನು ಆರಿಸುವುದಿತ್ತು. ಕೊನೆಯ ಪಂದ್ಯದಲ್ಲಿ ಮಂಜುಶ್ರೀ ಶೀಲಾಳನ್ನು 6-1, 6-2ರಿಂದ ಸೋಲಿಸಿದಳು. ಅದಾಗಿ ಹದಿನೈದು ದಿನಕ್ಕೆ ಟೆನಿಸ್ ಸಂಘಕ್ಕೆ ಒಂದು ದೂರು ಹೋಯಿತು. ಲಕ್ಕಯ್ಯನ ಮಗಳು ವಯಸ್ಸು ಮುಚ್ಚಿಟ್ಟು ಆಡುತ್ತಿದ್ದಾಳೆ, ಅವಳಿಗೆ ಹದಿನೈದಲ್ಲ, ಹದಿನೇಳು ಎಂದು.

ಮಂಜುಶ್ರೀ ಹುಟ್ಟಿದ್ದು ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ, ಸೂಲಗಿತ್ತಿ ಭೂತಮ್ಮನ ಕೈಯಲ್ಲಿ. ಜನನ ಪತ್ರ ಇರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಅಂತ ಬರೆದುಕೊಂಡಿದ್ದರು. ಆ ಶಾಲೆಯ ಅರ್ಧ ಮಕ್ಕಳು ಜೂನ್ ಒಂದರಂದೇ ಹುಟ್ಟಿದವರು. ದೂರಿನ ಜೊತೆಗೆ ಎಸ್ಟೇಟಿನ ಹಾಜರಿ ಪುಸ್ತಕದ ಒಂದು ಹಾಳೆಯ ನಕಲು ಇತ್ತು. ಮಂಜುಶ್ರೀ ಹುಟ್ಟಿದ್ದಕ್ಕಿಂತ ಎರಡು ವರ್ಷ ಹಿಂದಿನ ಹಾಳೆ. ಅದರಲ್ಲಿ 'ಭದ್ರಮ್ಮ, ಹೆರಿಗೆ ರಜೆ' ಎಂದು ಬರೆದಿತ್ತು.

ಅದು ಸುಳ್ಳಲ್ಲ. ಆ ವರ್ಷ ಮಂಜುಶ್ರೀಯ ಅವ್ವ ಭದ್ರಮ್ಮ ಒಂದು ಹೆಣ್ಣುಮಗು ಹೆತ್ತಿದ್ದಳು. ಅದು ಒಂಬತ್ತು ದಿನ ಬದುಕಿತ್ತು. ಲೈನಿನವರೆಲ್ಲ ಸೇರಿ ಮಣ್ಣು ಮಾಡುವಾಗ ಸುರೇಂದ್ರನೂ ಬಂದು ನಿಂತು ಹೋಗಿದ್ದ. ಎರಡು ವರ್ಷದ ನಂತರ ಮಂಜುಶ್ರೀ ಹುಟ್ಟಿದಾಗಿನ ಹಾಳೆ ಪುಸ್ತಕದಲ್ಲಿ ಇರಲೇ ಇಲ್ಲ.

ವಿಚಾರಣೆಗೆ ಕರೆದಾಗ ಭದ್ರಮ್ಮ ಕೈಮುಗಿದು ನಿಂತು, "ಅದು ಬ್ಯಾರೆ ಕೂಸು ಸ್ವಾಮಿ, ಇವ್ಳು ಬ್ಯಾರೆ. ಸತ್ತ್ ಕೂಸ್ನ ಎತ್ಕಂಡ್ ಬಂದು ಇವ್ಳ್ ಮ್ಯಾಲೆ ಹಾಕ್‌ಬ್ಯಾಡಿ," ಎಂದಳು. ದಾಖಲೆ ಕೇಳಿದರು. ಇರಲಿಲ್ಲ. ಹುಡುಗಿಯ ಮಣಿಕಟ್ಟಿನ ಎಕ್ಸ್‌ರೇ ತೆಗೆಸಿದರು. ಹದಿನೈದರಿಂದ ಹದಿನೇಳರ ಒಳಗೆ ಎಂದು ವರದಿ ಬಂತು. ಎರಡು ವರ್ಷ ಆಡಕೂಡದು ಎಂದು ಸಂಘದವರು ತೀರ್ಪು ಕೊಟ್ಟರು. ಶಿಬಿರಕ್ಕೆ ಶೀಲಾ ಹೋದಳು. ಸುಳ್ಳು ವಯಸ್ಸು ಹೇಳಿದವನು ಕ್ಲಬ್ಬಿನಲ್ಲಿರಬಾರದೆಂದು ಲಕ್ಕಯ್ಯನನ್ನು ತೆಗೆದುಹಾಕಿದರು. ಲೈನ್ ಮನೆಯನ್ನೂ ಬಿಡಿಸಿದರು.

ಅವರು ಬೆಳಗೋಡಿಗೆ ಬಂದರು. ಲಕ್ಕಯ್ಯ ಒಂದು ಕಾಫಿ ಕಣಕ್ಕೆ ಕಾವಲುಗಾರನಾದ, ಭದ್ರಮ್ಮ ಗದ್ದೆ ಕೆಲಸಕ್ಕೆ ಹೋದಳು. ಎರಡು ವರ್ಷ ಮಂಜುಶ್ರೀ ಶಾಲೆಯ ಗೋಡೆಗೆ ಚೆಂಡು ಹೊಡೆದಳು. ಮೂರನೇ ವರ್ಷ ಯೋಗೇಶನ ಕಣ್ಣಿಗೆ ಬಿದ್ದಳು. ಅವನು ಮೈಸೂರಿಗೆ ಕರೆದುಕೊಂಡು ಹೋದ. ಈಗ ಅವಳಿಗೆ ಇಪ್ಪತ್ತನಾಲ್ಕು. ವೃತ್ತಿಪರ ಆಟಗಾರ್ತಿ, ಜಗತ್ತಿನಲ್ಲಿ ಐನೂರರ ಆಸುಪಾಸಿನ ರ‍್ಯಾಂಕಿಂಗ್. ಆದರೆ ಅವಳ ಹೆಸರಿನ ಮುಂದೆ 'ವಯಸ್ಸಿನ ವಂಚನೆ' ಎನ್ನುವ ಮಾತು ಸಂಘದ ಕಡತದಲ್ಲಿ ಹಾಗೇ ಇತ್ತು. ಎಲ್ಲಿ ಗೆದ್ದರೂ ಯಾರಾದರೊಬ್ಬರು ಅದನ್ನು ನೆನಪಿಸುತ್ತಿದ್ದರು.

ದೂರು ಯಾರದ್ದೆಂದು ತಿಳಿದದ್ದು ಮೂರು ವರ್ಷದ ಹಿಂದೆ. ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ಹಳೆಯ ರೈಟರ್ ಕೃಷ್ಣಪ್ಪ ಕಾಯಿಲೆ ಬಿದ್ದು, ಲಕ್ಕಯ್ಯನಿಗೆ ಹೇಳಿಕಳಿಸಿ, "ಸಾವ್ಕಾರ್ರು ಹೇಳುದ್ರು, ನಾನ್ ಬರ್ದೆ ಕಣೋ ಲಕ್ಕ," ಎಂದು ಅತ್ತಿದ್ದ. ಅದನ್ನು ಕಾಗದದಲ್ಲಿ ಬರೆದುಕೊಡುವ ಮುಂಚೆಯೇ ಹೋಗಿಬಿಟ್ಟ.

ಈಗ ಕ್ಲಬ್ಬಿನ ಅಧ್ಯಕ್ಷ ಸುರೇಂದ್ರ. ಟೂರ್ನಿಯ ಮುಖ್ಯಸ್ಥನೂ ಅವನೇ. ರ‍್ಯಾಂಕಿಂಗ್ ಇಲ್ಲದ ಮಗಳಿಗೆ ವೈಲ್ಡ್ ಕಾರ್ಡ್ ಕೊಟ್ಟು ಪ್ರಧಾನ ಸುತ್ತಿಗೆ ಸೇರಿಸಿದ್ದ. ಮಂಜುಶ್ರೀಗೆ ಅಗ್ರ ಶ್ರೇಯಾಂಕ. ಚೀಟಿ ಎತ್ತಿದಾಗ ಮೊದಲ ಸುತ್ತಿನಲ್ಲೇ ಇಬ್ಬರೂ ಎದುರುಬದುರಾದರು. ಶೀಲಾಳ ಮುಖ ಬಿಳಿಚಿಕೊಂಡಿತು. ಮಂಜುಶ್ರೀ ಅಪ್ಪನಿಗೆ ಫೋನ್ ಮಾಡಿ, "ಬುಧ್ವಾರ ಬಾರಪ್ಪ. ನೀನ್ ನೋಡ್ಬೇಕು," ಎಂದಳು.

"ಆ ಜಾಗುಕ್ಕೆ ನಾನ್ ಕಾಲಿಡಾಕಿಲ್ಲ ಕಣವ್ವ."

"ನನ್ ಸಲ್ವಾಗಿ ಬಾ."

ಅವನು ಬಂದ. ಶಾಮಿಯಾನದ ಕೆಳಗೆ ಬರದೆ, ತಂತಿಬೇಲಿಯ ಆಚೆ ಸಿಲ್ವರ್ ಓಕ್ ಮರದ ಬುಡದಲ್ಲಿ ಕುಳಿತ. ಫೆಬ್ರವರಿಯ ಬಿಸಿಲು. ಕೊಯ್ಲು ಮುಗಿದಿದ್ದರಿಂದ ಸುತ್ತಲಿನ ತೋಟದವರೆಲ್ಲ ಬಂದಿದ್ದರು. ಶಾಮಿಯಾನದ ನಡುವಿನ ಕುರ್ಚಿಯಲ್ಲಿ ಸುರೇಂದ್ರ ಇದ್ದ.

ಮೊದಲ ಸೆಟ್ ಇಪ್ಪತ್ತೊಂದು ನಿಮಿಷದಲ್ಲಿ 6-0. ಮಂಜುಶ್ರೀ ಒಂದೇ ಒಂದು ಬಿಟ್ಟಿ ಅಂಕ ಕೊಡಲಿಲ್ಲ. ಶೀಲಾಳ ಬ್ಯಾಕ್‌ಹ್ಯಾಂಡ್ ಚಿಕ್ಕಂದಿನಲ್ಲಿ ಎಲ್ಲಿ ಕುಂಟುತ್ತಿತ್ತೋ ಈಗಲೂ ಅಲ್ಲೇ ಕುಂಟುತ್ತಿತ್ತು. ಅವಳು ಅಲ್ಲಿಗೇ ಹೊಡೆದಳು, ಮತ್ತೆ ಮತ್ತೆ. ಇನ್ನೊಂದು ಸೆಟ್ ಹೀಗೇ ಮುಗಿಸಿ, ಎರಡು ಸೊನ್ನೆ ಕೈಗಿಟ್ಟು ಹೊರಡುವುದು ಅವಳ ಲೆಕ್ಕಾಚಾರ. ಬೆವರು ಒರೆಸಿಕೊಳ್ಳಲು ಕುಳಿತಾಗ ಶಾಮಿಯಾನದಿಂದ ಸುರೇಂದ್ರನ ದನಿ ಕೇಳಿಸಿತು. ಪಕ್ಕದವರಿಗೆ ಹೇಳುವಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ:

"ಲೈನಿನ ಹುಡುಗಿ ಅಲ್ವೇನ್ರೀ. ಗುಡ್ಡ ಹತ್ತಿ ಇಳಿದು ಕಾಲು ಗಟ್ಟಿ. ಇದು ಆಟ ಅಲ್ಲ, ಕೂಲಿ ಕೆಲ್ಸ."

ನಾಲ್ಕೈದು ಜನ ನಕ್ಕರು.

ಸೊನ್ನೆ ಇವನಿಗೆ ತಾಗುವುದಿಲ್ಲ ಎಂದು ಮಂಜುಶ್ರೀಗೆ ಅನ್ನಿಸಿತು. ನಲವತ್ತು ನಿಮಿಷದಲ್ಲಿ ಮಗಳು ಸೋತರೆ, ದೊಡ್ಡ ಆಟಗಾರ್ತಿ ಎದುರು ಸೋತಳು ಎಂದು ಹೇಳಿ ಊಟಕ್ಕೆ ಏಳುತ್ತಾನೆ. ಇವನಿಗೆ ಮೊದಲು ಆಸೆ ಹುಟ್ಟಬೇಕು. ಆಮೇಲೆ ಅದನ್ನು ಕಿತ್ತುಕೊಳ್ಳಬೇಕು.

ಎರಡನೇ ಸೆಟ್‌ನಲ್ಲಿ ಅವಳು ಸೋಲತೊಡಗಿದಳು. ಜೋರಾಗಿ ಹೊಡೆದ ಚೆಂಡು ಗೆರೆಯಿಂದ ನಾಲ್ಕು ಬೆರಳು ಆಚೆ ಬಿತ್ತು. ಓಡಿಹೋಗಿ ಇನ್ನೇನು ಮುಟ್ಟಬೇಕು ಎನ್ನುವಷ್ಟರಲ್ಲಿ ತಪ್ಪಿತು. 0-1. 0-2. ಶೀಲಾಳ ಹೆಗಲು ಸಡಿಲಾಯಿತು, ಮುಖಕ್ಕೆ ಬಣ್ಣ ಬಂತು. 0-3 ಆದಾಗ ಸುರೇಂದ್ರ ಕುರ್ಚಿಯ ತುದಿಗೆ ಬಂದ. 0-4 ಆದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದ, ಯಾರಿಗೋ ಫೋನ್ ಮಾಡಿ, "ಬೇಗ ಬನ್ರೀ, ನಮ್ಮ ಹುಡುಗಿ ತಿರುಗಿಸ್ಬಿಟ್ಳು," ಎಂದ. ಮಂಜುಶ್ರೀ ಅವನ ಒಂದೊಂದು ನಗೆಯನ್ನೂ ನೋಡುತ್ತಿದ್ದಳು. ಇಷ್ಟು ಹಿತವಾದದ್ದು ಅವಳಿಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

0-5 ಆಗುವ ಹೊತ್ತಿಗೆ ಒಮ್ಮೆ ಬೇಲಿಯ ಕಡೆ ಕಣ್ಣು ಹೋಯಿತು. ಲಕ್ಕಯ್ಯ ಎದ್ದು ತಂತಿ ಹಿಡಿದು ನಿಂತಿದ್ದ. ಕೋರ್ಟಿನಲ್ಲಿ ಏನು ನಡೆಯುತ್ತಿದೆ ಎಂದು ಅಲ್ಲಿದ್ದವರಲ್ಲಿ ಅವನೊಬ್ಬನಿಗೆ ಗೊತ್ತಾಗಿತ್ತು. ಅವನ ಮುಖದಲ್ಲಿ ಖುಷಿ ಇರಲಿಲ್ಲ.

ಇಷ್ಟು ಸಾಕೆಂದು ಅವಳು ಆಟಕ್ಕೆ ಮರಳಿದಳು. 1-5, 2-5, 3-5, 4-5. ಶಾಮಿಯಾನ ತಣ್ಣಗಾಗುತ್ತ ಬಂತು. ಆದರೆ ಒಂದು ಸಂಗತಿಯನ್ನು ಅವಳು ಎಣಿಸಿರಲಿಲ್ಲ. ಐದು ಗೇಮ್ ಗೆದ್ದ ಶೀಲಾ ಈಗ ಮೊದಲಿನ ಶೀಲಾ ಆಗಿರಲಿಲ್ಲ. ತಾನು ಗೆಲ್ಲಬಲ್ಲೆ ಎಂದು ನಂಬಿಬಿಟ್ಟಿದ್ದಳು. ಹತ್ತನೇ ಗೇಮ್‌ನಲ್ಲಿ ಸರ್ವ್ ಮಾಡಲು ಬಂದವಳು ಎರಡು ಫೋರ್‌ಹ್ಯಾಂಡ್‌ಗಳನ್ನು ಮೂಲೆಗೆ ಬಾರಿಸಿದಳು. ಸೆಟ್ ಪಾಯಿಂಟಿನಲ್ಲಿ ಅವಳ ಚೆಂಡು ನೆಟ್ಟಿನ ಪಟ್ಟಿಗೆ ಬಡಿದು, ಒಂದು ಗಳಿಗೆ ಅಲ್ಲೇ ನಿಂತಂತಾಗಿ, ಮಂಜುಶ್ರೀಯ ಕಡೆ ಬಿತ್ತು. ಸೆಟ್ 6-4, ಶೀಲಾಳಿಗೆ.

ಜನ ಕೂಗಿದರು. ಯಾರೋ ಶಿಳ್ಳೆ ಹಾಕಿದರು. ಮಂಜುಶ್ರೀ ಕುರ್ಚಿಗೆ ಹೋಗಿ ಕುಳಿತಳು. ಈ ಕೋರ್ಟಿನಲ್ಲಿ, ಈ ಜನರ ಎದುರು, ತಾನೇ ಕೈಯಾರೆ ಕೊಟ್ಟ ಸೆಟ್‌ನಿಂದ ಸೋತುಹೋದರೆ? ಅಂಪೈರ್ ಅವಳನ್ನೇ ಅನುಮಾನದಿಂದ ನೋಡುತ್ತಿದ್ದ.

ಮೂರನೇ ಸೆಟ್‌ನಲ್ಲಿ ನಾಟಕವಿರಲಿಲ್ಲ. ಇಬ್ಬರೂ ತಮ್ಮ ಸರ್ವ್ ಉಳಿಸಿಕೊಂಡು 3-3ರವರೆಗೆ ಬಂದರು. ಮಂಜುಶ್ರೀಯ ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತ್ತು. ಹೇಗೋ 4-3 ಮಾಡಿದಳು. ಶೀಲಾ ಸರ್ವ್‌ಗೆ ಬಂದಳು. 30-30ರಲ್ಲಿ ಡಬಲ್ ಫಾಲ್ಟ್.

"ತಲೆ ಎಲ್ಲಿಟ್ಟಿದ್ದೀಯೇ?" ಸುರೇಂದ್ರ ಎದ್ದು ಕೂಗಿದ. ಆಸೆ ಹತ್ತಿದವನಿಗೆ ಈಗ ತಡೆಯಲಾಗುತ್ತಿರಲಿಲ್ಲ. ಅಂಪೈರ್ ಕೈ ತೋರಿಸಿ ಎಚ್ಚರಿಸಿದ. ಅವನು ಕೂರಲಿಲ್ಲ. "ನಮ್ಮ ಆಳಿನ ಮಗಳೆದುರು ಸೋತು ಮನೆಗೆ ಬರಬೇಡ ನೀನು! ನಿನ್ನನ್ನ ಇಲ್ಲಿವರೆಗೆ ತರೋಕೆ ನಾನು ಏನೇನು ಮಾಡಿದೀನಿ ಗೊತ್ತೇನೇ?"

ಶೀಲಾ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದವಳು ನಿಲ್ಲಿಸಿದಳು. ಅಪ್ಪನ ಕಡೆ ತಿರುಗಿದಳು. "ಗೊತ್ತಪ್ಪಾ," ಎಂದಳು. ದನಿ ದೊಡ್ಡದಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಏನೇನು ಮಾಡಿದೀರಿ ಅಂತ ನನಗೆ ಚೆನ್ನಾಗಿ ಗೊತ್ತು." ಆಮೇಲೆ ಅಂಪೈರನ ಬಳಿಗೆ ನಡೆದು, "ಅವರನ್ನ ಹೊರಗೆ ಕಳಿಸಿ. ಇಲ್ಲದಿದ್ರೆ ನಾನು ಆಡಲ್ಲ," ಎಂದಳು.

ಟೂರ್ನಿಯ ಮೇಲ್ವಿಚಾರಕರು ಬಂದರು. ತನ್ನದೇ ಕ್ಲಬ್ಬಿನಲ್ಲಿ, ತನ್ನದೇ ನೆಂಟರ ಎದುರು, ಸುರೇಂದ್ರ ಎದ್ದು ಹೊರಗೆ ನಡೆಯಬೇಕಾಯಿತು. ದಾರಿ ಬೇಲಿಯ ಪಕ್ಕದಲ್ಲೇ ಇತ್ತು. ಅವನು ಹತ್ತಿರ ಬರುತ್ತಿದ್ದಂತೆ, ಮರದ ಬುಡದಲ್ಲಿ ಮತ್ತೆ ಕುಳಿತಿದ್ದ ಲಕ್ಕಯ್ಯ ತಟ್ಟನೆ ಎದ್ದು, ಹೆಗಲ ಟವಲ್ ಕೈಗೆ ತೆಗೆದುಕೊಂಡು, ದಾರಿ ಬಿಟ್ಟು ನಿಂತ. ಸುರೇಂದ್ರ ಅವನನ್ನು ನೋಡಲೂ ಇಲ್ಲ.

ಮಂಜುಶ್ರೀ ಅದನ್ನು ನೋಡಿದಳು. ಕಾಲು ನೋವು ಎಲ್ಲಿಗೆ ಹೋಯಿತೋ ತಿಳಿಯದು. ಸುರೇಂದ್ರ ಹೊರಗೆ ಹೋದ ಮೇಲೆ ಶೀಲಾ ತನ್ನ ಜೀವಮಾನದ ಆಟ ಆಡಿದಳು, ಬ್ರೇಕ್ ಪಾಯಿಂಟ್ ಎರಡು ಸಲ ಉಳಿಸಿಕೊಂಡಳು. ಮೂರನೆಯದನ್ನು ಮಂಜುಶ್ರೀ ಬಿಡಲಿಲ್ಲ. 5-3. ಕೊನೆಯ ಗೇಮ್ ಒಂದೂ ಅಂಕ ಕೊಡದೆ ಮುಗಿಸಿದಳು.

ಹುಡುಗಿಯರು ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೇ ಇದ್ದರು. ಶೀಲಾ ಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಶೂ ಬಿಚ್ಚದೆ ಇದ್ದಳು.

"ಮಂಜು, ನೀನು ಹುಟ್ಟಿದ ವರ್ಷದ ಹಾಜರಿ ಹಾಳೆ ಅಪ್ಪ ಹರಿದಿದ್ದನ್ನ ನಾನು ನೋಡಿದ್ದೆ," ಎಂದಳು. "ಊಟದ ಟೇಬಲ್ ಮೇಲೆ ಪುಸ್ತಕ ಇಟ್ಟುಕೊಂಡು ಕೃಷ್ಣಪ್ಪನ ಕೈಲಿ ದೂರು ಬರೆಸಿದ್ರು. ನಾನು ಅಲ್ಲೇ ಇದ್ದೆ."

"ಸುಮ್ನಿದ್ದೆ."

"ನನಗೆ ಹದಿನೈದು. ಶಿಬಿರಕ್ಕೆ ಹೋಗ್ಬೇಕು ಅನ್ನೋ ಆಸೆ."

"ಆಮೇಲೆ ಹದಿನಾರಾಯ್ತು, ಇಪ್ಪತ್ತಾಯ್ತು. ಆಗ್ಲೂ ಸುಮ್ನಿದ್ದೆ." ಮಂಜುಶ್ರೀ ಗೋಡೆಗೆ ಅಂಟಿಸಿದ್ದ ಪಂದ್ಯಪಟ್ಟಿಯ ಹಾಳೆಯನ್ನು ಕಿತ್ತು, ಹಿಂಬದಿ ತಿರುಗಿಸಿ ಬೆಂಚಿನ ಮೇಲೆ ಇಟ್ಟಳು. ಚೀಲದಿಂದ ಪೆನ್ನು ತೆಗೆದಳು. "ಈಗ ಹೇಳಿದ್ದನ್ನ ಬರ್ದು ಕೊಡು. ಸಹಿ ಹಾಕು."

"ಬರೆದ್ರೆ ನಾನು ಮನೆಗೆ ಹೋಗೋ ಹಾಗಿಲ್ಲ."

"ನಮ್ಮನ್ನೂ ಮನೆ ಬಿಡಿಸಿದ್ರು. ಯಾರೂ ಸಾಯ್ಲಿಲ್ಲ."

ಶೀಲಾ ಅವಳ ಮುಖ ನೋಡಿದಳು. ಕರುಣೆ ಹುಡುಕಿದಳೇನೋ, ಸಿಗಲಿಲ್ಲ. ಬರೆಯತೊಡಗಿದಳು. ಆಟದ ದಣಿವಿಗೆ ಬೆರಳು ಸೆಟೆದುಕೊಳ್ಳುತ್ತಿದ್ದವು, ಕಾಗದ ಜಾರುತ್ತಿತ್ತು. ಮಂಜುಶ್ರೀ ಎರಡೂ ಕೈಯಿಂದ ಕಾಗದವನ್ನು ಒತ್ತಿ ಹಿಡಿದುಕೊಂಡಳು.

ಹೊರಗೆ ಬಂದಾಗ ಲಕ್ಕಯ್ಯ ಗೇಟಿನಾಚೆ ರಸ್ತೆಯಲ್ಲಿದ್ದ. ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತರು.

"ಎರಡ್ನೇ ಸೆಟ್ನಾಗೆ ನೀನು ಆಡ್ಲಿಲ್ಲ," ಎಂದ.

"ನೀನೇ ಕಲ್ಸಿದ್ದಲ್ವಾ ಅಪ್ಪ?"

"ನಾನು ಹೊಟ್ಟೆಪಾಡಿಗೆ ಸೋತೆ ಕಣವ್ವ. ಎದ್ರುಗಿದ್ದೋರು ನಗ್‌ನಗ್ತಾ ಮನೀಗ್ ಹೋಗ್ಲಿ ಅಂತ ಸೋತೆ. ಯಾರನ್ನೂ ಸುಡಾಕೆ ಸೋತಿಲ್ಲ. ಆ ಹುಡ್ಗಿ ಮಕ ನೋಡಿದ್ಯಾ ನೀನು?"

"ನೋಡ್ದೆ. ನೀನ್ಯಾಕಪ್ಪ ಅವ್ನು ಬಂದಾಗ ಎದ್ ನಿಂತೆ?"

ಲಕ್ಕಯ್ಯ ತಿರುವಿನ ಕಡೆ ನೋಡಿದ. "ಗೊತ್ತಿಲ್ಲ. ಕಾಲು ತಾವೇ ಎದ್ದ್‌ಬುಟ್ವು."

ಮರುದಿನ ಎರಡನೇ ಸುತ್ತಿನಲ್ಲಿ ಮಂಜುಶ್ರೀ ಕಾಲು ಎಳೆಯುತ್ತ ಆಡಿ, ಹೆಸರು ಕೇಳಿರದ ಹದಿನೇಳರ ಹುಡುಗಿಗೆ ನೇರ ಸೆಟ್‌ಗಳಲ್ಲಿ ಸೋತಳು. ಯೋಗೇಶ್ ಬೈದ. ಮೇಲ್ವಿಚಾರಕರು ಕರೆದು, ಇನ್ನೊಮ್ಮೆ ಹೀಗೆ ಬೇಕೆಂದೇ ಸೋತದ್ದು ಕಂಡರೆ ಶಿಕ್ಷೆಯಾಗುತ್ತದೆ ಎಂದು ಎಚ್ಚರಿಸಿದರು. ಅವಳು ತಲೆಯಾಡಿಸಿದಳು. ಆ ಹೊತ್ತಿಗಾಗಲೇ ಶೀಲಾಳ ಬರಹದ ಪ್ರತಿಯನ್ನು ಸಂಘಕ್ಕೂ, ಕ್ಲಬ್ಬಿನ ಪ್ರತಿಯೊಬ್ಬ ಸದಸ್ಯನಿಗೂ, ಹಾಸನದ ಎರಡು ಪತ್ರಿಕೆಗಳಿಗೂ ಕಳಿಸಿಯಾಗಿತ್ತು.

ಏಪ್ರಿಲ್‌ನಲ್ಲಿ ಸಂಘದವರು ಹಳೆಯ ತೀರ್ಪು ರದ್ದು ಮಾಡಿದರು. ಸುರೇಂದ್ರ ಆರೋಗ್ಯದ ಕಾರಣ ಹೇಳಿ ಕ್ಲಬ್ ಬಿಟ್ಟ. ಸಕಲೇಶಪುರದ ಮದುವೆ ಮನೆಗಳಲ್ಲಿ ಅವನು ಬಂದರೆ ಜನ ಮಾತು ನಿಲ್ಲಿಸುತ್ತಿದ್ದರಂತೆ. ಶೀಲಾ ಪಂದ್ಯದ ದಿನವೇ ಮನೆ ಬಿಟ್ಟಿದ್ದಳು. ಮೊದಲ ವಾರ ಎಲ್ಲೆಲ್ಲೋ ಇದ್ದು, ಕೊನೆಗೆ ಮಂಜುಶ್ರೀಗೇ ಫೋನ್ ಮಾಡಿ ಕೆಲಸ ಕೇಳಿದಳು. ಮಂಜುಶ್ರೀ ಯೋಗೇಶನಿಗೆ ಹೇಳಿ ಮೈಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಟೆನಿಸ್ ಕಲಿಸುವ ಕೆಲಸ ಕೊಡಿಸಿದಳು. ಗೆಳೆತನದಿಂದಲ್ಲ. ಬರೆದುಕೊಟ್ಟದ್ದನ್ನು ಶೀಲಾ ವಾಪಸ್ ತೆಗೆದುಕೊಳ್ಳಬಾರದಿತ್ತು, ಅದಕ್ಕೆ.

ಮೇ ತಿಂಗಳ ಒಂದು ಬೆಳಿಗ್ಗೆ, ಮಂಜುಶ್ರೀ ಊರಿಗೆ ಬಂದಿದ್ದಾಗ, ಸುರೇಂದ್ರ ಬೆಳಗೋಡಿನ ಅವರ ಮನೆಯ ಮುಂದೆ ಜೀಪಿನಿಂದ ಇಳಿದ. ಗಡ್ಡ ಬಿಟ್ಟಿದ್ದ. ಲಕ್ಕಯ್ಯ ಒಳಗಿನಿಂದ ಕುರ್ಚಿ ತಂದು ಅಂಗಳದಲ್ಲಿ ಹಾಕಿದ. ಸುರೇಂದ್ರ ಕೂರಲಿಲ್ಲ.

"ಮಂಜುಶ್ರೀ," ಎಂದ. ಅವಳನ್ನು ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಶೀಲಾ ಎಲ್ಲಿದ್ದಾಳೆ ನಿನಗೆ ಗೊತ್ತಾ? ಫೋನ್ ನಂಬರ್ ಬದಲಾಯಿಸಿದಾಳೆ. ಮೂರು ತಿಂಗಳಾಯ್ತು. ಅವಳಮ್ಮ ಊಟ ಮಾಡ್ತಿಲ್ಲ. ನಾನು ಮಾಡಿದ್ದು ತಪ್ಪು. ಬೇಕಾದ್ರೆ ಕಾಲಿಗೆ ಬೀಳ್ತೀನಿ. ಎಲ್ಲಿದಾಳೆ ಅಂತ ಒಂದು ಮಾತು ಹೇಳು."

ಹೇಳಬೇಡವೆಂದು ಶೀಲಾ ಕೇಳಿಕೊಂಡಿರಲಿಲ್ಲ. ಹಿಂದಿನ ಸಂಜೆಯೇ ಇಬ್ಬರೂ ಫೋನಿನಲ್ಲಿ ಮಾತಾಡಿದ್ದರು. ಅಮ್ಮ ಹೇಗಿದ್ದಾಳೋ ಎಂದು ಅವಳು ಅತ್ತಿದ್ದಳು.

"ನಂಗೆ ಗೊತ್ತಿಲ್ಲ," ಎಂದಳು ಮಂಜುಶ್ರೀ.

ಸುರೇಂದ್ರ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಭದ್ರಮ್ಮ ಬಾಗಿಲಿಗೆ ಬಂದು ಅವನನ್ನು ನೋಡಿ ಒಳಗೆ ಹೋದಳು. ಅವನು ಜೀಪು ಹತ್ತಿದ. ತಿರುಗಿಸಿಕೊಳ್ಳಲು ಎರಡು ಮೂರು ಸಲ ಹಿಂದೆ ಮುಂದೆ ಮಾಡಬೇಕಾಯಿತು.

ಲಕ್ಕಯ್ಯ ಕುರ್ಚಿಯನ್ನು ಎತ್ತಿಕೊಂಡು ನಿಂತಿದ್ದ. "ಹೇಳ್ಬೌದಿತ್ತು ಮಗಾ," ಎಂದ.

"ಹೂಂ. ಹೇಳ್ಬೌದಿತ್ತು."

"ಯಾವಾಗ್ ಹೇಳ್ತೀಯ?"

ಮಂಜುಶ್ರೀ ಹತ್ತೂವರೆಯ ಮೈಸೂರು ಬಸ್ಸಿಗೆ ಹೊರಡಬೇಕಿತ್ತು, ಚೀಲಕ್ಕೆ ಬಟ್ಟೆ ತುಂಬಲು ಒಳಗೆ ಹೋದಳು.